ಬಿಳಿ ಮುಚ್ಚಳದ ಸೀಸೆ

"ಇದನ್ನ ಕಳ್ಸಿದ ಪುಣ್ಯಾತ್ಮ ಯಾರು?"

ಎಂಡೋಸ್ಕೋಪಿ ಕೋಣೆಯ ಬಾಗಿಲು ದಡಾರೆಂದು ತೆರೆದುಕೊಂಡಿತು. ಹೊಟ್ಟೆಯೊಳಗೆ ಇಳಿಸಿ ನೋಡುವ ಪೈಪ್ ತೊಳೆಯುತ್ತಿದ್ದ ದೊಡ್ಡ ಸಿಸ್ಟರ್ ಬೆಚ್ಚಿ ತಿರುಗಿದರು. ಮೂಲೆಯಲ್ಲಿ ನಿಂತೇ ಬಿಸ್ಕತ್ತು ತಿನ್ನುತ್ತಿದ್ದ ಹೊಸ ಡಾಕ್ಟರ್, ಬಾಯಲ್ಲಿದ್ದದ್ದನ್ನು ನುಂಗುವುದೋ ಬೇಡವೋ ತಿಳಿಯದೆ ಹಾಗೇ ನಿಂತ.

ಬಾಗಿಲಲ್ಲಿ ನಿಂತಿದ್ದವಳು ಲ್ಯಾಬಿನ ಡಾಕ್ಟರ್. ರೋಗಿಗಳ ಮೈಯಿಂದ ತೆಗೆದ ಚೂರುಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಿ ಕಾಯಿಲೆ ಏನೆಂದು ಹೇಳುವವಳು. ನೆಲಮಹಡಿಯ ಕೊನೆಯ ಕೋಣೆ ಬಿಟ್ಟು ಮೇಲೆ ಬರುವುದೇ ಅಪರೂಪ. ಬಂದಳೆಂದರೆ ಯಾರಿಗೋ ಗ್ರಹಚಾರ ಕಾದಿದೆ ಎಂದೇ ಅರ್ಥ!

ಅವಳ ಕೈಯಲ್ಲಿ ಹೆಬ್ಬೆರಳಿನಷ್ಟು ದೊಡ್ಡ ಸೀಸೆ. ಅದರ ತಳದಲ್ಲಿ ಅಕ್ಕಿಕಾಳಿಗಿಂತ ಚಿಕ್ಕ ಚೂರುಗಳು.

"ನಾನೇ ಕಳ್ಸಿದ್ದು. ಏನಾಯ್ತು ಮೇಡಂ?" ಎಂದ ಅವನು.

"ಹೊಟ್ಟೆ ಕೆಳಭಾಗದ ಚೂರು, ಮೇಲ್ಭಾಗದ ಚೂರು, ಎಲ್ಲಾ ಒಂದೇ ಸೀಸೆಗೆ ಹಾಕಿದ್ದೀರಲ್ಲ! ಇದೇನು ಕಲಸುಮೇಲೋಗರಾನಾ?"

"ಎಲ್ಲಾ ಒಂದೇ ಹೊಟ್ಟೆಯಿಂದ ಬಂದಿದ್ದು ತಾನೆ?"

ದೊಡ್ಡ ಸಿಸ್ಟರ್ ಕಣ್ಣು ಮುಚ್ಚಿಕೊಂಡರು. ಮುಗೀತು ಇವನ ಕಥೆ!

"ರೀ ಡಾಕ್ಟ್ರೇ... ಊರಲ್ಲಿ ಬೆಂಕಿ ಬಿದ್ದಿದೆ ಅಂತ ಫೋನ್ ಬಂದ್ರೆ, ಯಾವ ಬೀದಿ ಅಂತ ಕೇಳಲ್ವಾ? ಹೊಟ್ಟೆ ಒಳಪದರ ವರ್ಷಗಟ್ಟಲೆ ಉರಿದು ಉರಿದು, ಕೊನೆಗೆ ತನ್ನ ಗುಣ ಬಿಟ್ಟು ಕರುಳಿನ ಹಾಗೆ ಆಗೋಕೆ ಶುರುವಾಗುತ್ತೆ. ಅದು ಕೆಳಗಡೆ ಮಾತ್ರ ಇದ್ರೆ ಒಂದು ಲೆಕ್ಕ. ಮೇಲಕ್ಕೂ ಹಬ್ಬಿದ್ರೆ ಬೇರೆ ಲೆಕ್ಕ. ಆ ಮನುಷ್ಯನಿಗೆ ಮುಂದೆ ಕ್ಯಾನ್ಸರ್ ಬರೋ ಸಂಭವ ಎಷ್ಟು, ಎಷ್ಟು ವರ್ಷಕ್ಕೊಮ್ಮೆ ನೋಡ್ಬೇಕು... ಎಲ್ಲಾ ಅದರ ಮೇಲೇ ನಿಂತಿರೋದು. ಹೀಗೆ ಕಲಸಿ ಕಳ್ಸಿದ್ರೆ ಯಾವ ಚೂರು ಎಲ್ಲಿಂದ ಬಂತು ಅಂತ ನನಗೇನು ಕನಸು ಬೀಳುತ್ತಾ?"

ಉಸಿರು ಬಿಡದೆ ಹೇಳಿ ಮುಗಿಸಿದಳು. ಅವನು ತಿರುಗಿಬೀಳುತ್ತಾನೆ, ಆಗ ಇನ್ನೊಂದು ಸುತ್ತು ಹಾಕೋಣ ಎಂದು ಕಾದಳು ಕೂಡ.

ಅವನು ತಿರುಗಿಬೀಳಲಿಲ್ಲ. ತುಟಿಯ ಮೇಲಿದ್ದ ಬಿಸ್ಕತ್ತಿನ ಪುಡಿ ಒರೆಸಿಕೊಂಡ.

"ತಪ್ಪಾಯ್ತು ಮೇಡಂ. ಈ ಒಂದು ಸಲ ಹೊಟ್ಟೆಗೆ ಹಾಕ್ಕೊಳ್ಳಿ."

ಹೊಟ್ಟೆಯ ವಿಷಯದಲ್ಲೇ ತಪ್ಪು ಮಾಡಿ ಹೊಟ್ಟೆಗೆ ಹಾಕ್ಕೊಳ್ಳಿ ಅಂತಾನಲ್ಲ! ಅವಳಿಗೆ ನಗು ಉಕ್ಕಿಬಂತು. ಕಂಡರೆ ಮರ್ಯಾದೆ ಹೋಗುತ್ತದೆಂದು ಸರಕ್ಕನೆ ತಿರುಗಿ ಮೆಟ್ಟಿಲು ಇಳಿದುಬಿಟ್ಟಳು.

ಮರುದಿನ ಲ್ಯಾಬಿಗೆ ಬಂದ ಟ್ರೇಯಲ್ಲಿ ಪ್ರತಿ ರೋಗಿಗೂ ಎರಡೆರಡು ಸೀಸೆಗಳು. ಒಂದಕ್ಕೆ ನೀಲಿ ಮುಚ್ಚಳ, ಇನ್ನೊಂದಕ್ಕೆ ಬಿಳಿ.

"ನೀಲಿ ಕೆಳಗಿಂದು, ಬಿಳಿ ಮೇಲಿಂದಂತೆ" ಎಂದರು ಟ್ರೇ ತಂದ ದೊಡ್ಡ ಸಿಸ್ಟರ್. "ಮುಚ್ಚಳ ಹುಡುಕ್ಕೊಂಡು ಪೈಪ್ ಡಾಕ್ಟ್ರು ಸ್ಟೋರ್ ರೂಮನ್ನೇ ಜಾಲಾಡಿಬಿಟ್ರು. ಸೀಸೆ ಮೇಡಂಗೆ ಸಾಕಾ ಕೇಳ್ಕೊಂಡು ಬನ್ನಿ ಅಂದ್ರು."

"ಸೀಸೆ ಮೇಡಂ ಯಾರು?"

ಸಿಸ್ಟರ್ ಚಾವಣಿ ನೋಡಿದರು.

ಅಂದಿನಿಂದ ಇಡೀ ಆಸ್ಪತ್ರೆಗೆ ಅವನು ಪೈಪ್ ಡಾಕ್ಟ್ರು, ಅವಳು ಸೀಸೆ ಮೇಡಂ.

ಆಮೇಲಾಮೇಲೆ ಟ್ರೇ ಹೊತ್ತು ಅವನೇ ಕೆಳಗೆ ಬರತೊಡಗಿದ. ಲ್ಯಾಬಿನಲ್ಲಿ ಇಬ್ಬರು ಒಟ್ಟಿಗೆ ನೋಡಬಹುದಾದ ಮೈಕ್ರೋಸ್ಕೋಪ್ ಇತ್ತು. ಅವಳು ಈ ಬದಿ, ಅವನು ಆ ಬದಿ. ಅಕ್ಕಿಕಾಳಿನಷ್ಟು ಚೂರನ್ನು ಮೇಣದಲ್ಲಿ ಕೂರಿಸಿ, ಎಳೆ ಎಳೆಯಾಗಿ ಕೊಯ್ದು, ಗಾಜಿನ ಸ್ಲೈಡಿನ ಮೇಲಿಟ್ಟು ಬಣ್ಣ ಹಾಕಿದಾಗ ಗುಲಾಬಿ, ನೇರಳೆ ಬಣ್ಣದ ಒಂದು ಲೋಕವೇ ತೆರೆದುಕೊಳ್ಳುತ್ತಿತ್ತು.

"ಅಲ್ಲಿ ನೋಡಿ, ಖಾಲಿ ಬಟ್ಟಲಿನ ಹಾಗೆ ಬೆಳ್ಳಗೆ ಕಾಣ್ತಿದೆಯಲ್ಲ? ಅವು ಕರುಳಲ್ಲಿ ಇರ್ಬೇಕಾದ ಕೋಶಗಳು. ಹೊಟ್ಟೆಯಲ್ಲಿ ಬಂದು ಕೂತಿವೆ."

"ಬಾಡಿಗೆ ಕೊಡದೆ ಕೂತ ಬಾಡಿಗೆದಾರರು!"

"ಕ್ಯಾನ್ಸರ್ ಅಲ್ಲ. ಆದರೆ ಇವರನ್ನ ನೋಡ್ತಾ ಇರ್ಬೇಕು."

"ನಾನು ನೋಡ್ತಾನೇ ಇದ್ದೀನಿ" ಎಂದ ಅವನು. ಅವಳು ತಲೆ ಎತ್ತಿದಾಗ ಅವನ ಕಣ್ಣು ಮೈಕ್ರೋಸ್ಕೋಪಿನ ಮೇಲೆ ಇರಲೇ ಇಲ್ಲ!

ಒಂದು ಸಂಜೆ ಲ್ಯಾಬಿನ ದೀಪ ಆರಿಸುವಾಗ ಅವನ ಬಾಯಿ ಜಾರಿತು. "ನೀನು ಊಟ ಮಾಡಿದ್ಯಾ?"

ಮೇಡಂ ಹೋಗಿತ್ತು. ನೀವು ಹೋಗಿತ್ತು. ನೀನು... ಅದೊಂದು ಪದಕ್ಕೆ ಅವಳ ಕಿವಿ ಬಿಸಿಯಾಯಿತು. ಅವಳು ಮಾತ್ರ ಕೊನೆವರೆಗೂ ಅವನನ್ನು "ನೀವು" ಎಂದೇ ಕರೆದಳು. ಜಗಳವಾಡುವಾಗ "ನೀವು" ಅಂದರೇ ಗತ್ತು ಎಂದು ಅವಳ ಲೆಕ್ಕ.

ಅವಳಿಗಿದ್ದದ್ದು ಅಮ್ಮ ಒಬ್ಬರೇ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು, ಬೀದಿಯವರ ಬಟ್ಟೆ ಹೊಲಿದು ಮಗಳನ್ನು ಡಾಕ್ಟರ್ ಮಾಡಿದವರು. ಗಿರಾಕಿ ಬೈದರೂ ಸರಿ, ನೆಂಟರು ಚುಚ್ಚಿದರೂ ಸರಿ, ಅಮ್ಮನದು ಒಂದೇ ಮಾತು. "ಹೋಗ್ಲಿ ಬಿಡು, ಹೊಟ್ಟೆಗೆ ಹಾಕ್ಕೋ."

ಅವನು ಮೊದಲ ಸಲ ಮನೆಗೆ ಬಂದಾಗ ಅಮ್ಮ ಅಳತೆ ಟೇಪು ಕೊರಳಿಗೆ ಹಾಕಿಕೊಂಡೇ ಬಾಗಿಲು ತೆರೆದರು. ಕಾಫಿಗೂ ಮೊದಲು ಅವನ ಭುಜದ ಅಳತೆ ತೆಗೆದುಕೊಂಡರು.

"ಮದುವೆಗೆ ಶರ್ಟು ನಾನೇ ಹೊಲಿಯೋದು. ನನ್ನ ಮಗಳ ಬಾಯಿ ಸ್ವಲ್ಪ ಜಾಸ್ತಿ ಕಣಪ್ಪಾ. ಹೊಟ್ಟೆಗೆ ಹಾಕ್ಕೋ."

"ನಾನು ಹೊಟ್ಟೆ ಡಾಕ್ಟ್ರೇ ಅಲ್ವಾ ಅಮ್ಮಾ. ಎಷ್ಟು ಬೇಕಾದ್ರೂ ಹಿಡಿಯುತ್ತೆ!"

ಅಮ್ಮನ ಆ ನಗು! ಆ ಸಂಜೆ ಅಷ್ಟು ನಕ್ಕವರು, ಊಟಕ್ಕೆ ಕೂತಾಗ ಮಾತ್ರ ತಟ್ಟೆ ಸರಿಸಿದರು. ಎದೆ ಉರಿಯಂತೆ, ಸ್ವಲ್ಪ ತಿಂದರೆ ಹೊಟ್ಟೆ ತುಂಬಿದ ಹಾಗಾಗುತ್ತಂತೆ. ಅಮ್ಮನ ಅಣ್ಣ ಹೋಗಿದ್ದು ಹೊಟ್ಟೆಯ ಕ್ಯಾನ್ಸರಿನಿಂದಲೇ. ಮಗಳ ಮುಖ ಬಿಳುಚಿತು. ಅವನು ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡ.

"ನಾನೇ ನೋಡ್ತೀನಿ. ನೀನು ಹೆದರ್ಬೇಡ."

ಪರೀಕ್ಷೆಯ ದಿನ ಅವಳು ಮೇಲೆ ಹೋಗಲಿಲ್ಲ. ಅಮ್ಮ ಪೈಪ್ ನುಂಗುವುದನ್ನು ನೋಡುವ ಧೈರ್ಯ ಇರಲಿಲ್ಲ. ಲ್ಯಾಬಿನಲ್ಲೇ ಕೂತು ಟ್ರೇಗಾಗಿ ಕಾದಳು.

ಟ್ರೇ ಬಂತು. ಅಮ್ಮನ ಹೆಸರಿನ ಸೀಸೆ ಒಂದೇ ಇತ್ತು. ನೀಲಿ ಮುಚ್ಚಳ.

ಬಿಳಿ ಎಲ್ಲಿ?

ಅವಳ ಕೈ ಫೋನಿನ ಮೇಲೆ ಹೋಯಿತು. ಬೇರೆ ಯಾರದೇ ಆಗಿದ್ದರೆ ಇಷ್ಟು ಹೊತ್ತಿಗೆ ಇಡೀ ಮಹಡಿಗೆ ಅವಳ ದನಿ ಕೇಳಿಸುತ್ತಿತ್ತು. ಆದರೆ ನೋಡಿದ್ದು ಅವನು! 'ಮೇಲ್ಭಾಗ ಚೆನ್ನಾಗೇ ಕಂಡಿರ್ಬೇಕು, ಅದಕ್ಕೇ ತೆಗೆದಿಲ್ಲ. ಅವರ ಕೆಲಸದ ಮೇಲೆ ನನಗೇ ನಂಬಿಕೆ ಇಲ್ವಾ ಅಂದ್ಕೊಂಡ್ರೆ? ಅದೂ ಇನ್ನೇನು ಮದುವೆ ಮಾತು ಮುಗಿಯೋ ಹೊತ್ತಲ್ಲಿ...'

ಫೋನಿನಿಂದ ಕೈ ತೆಗೆದಳು.

ಅಯ್ಯೋ ಹುಡುಗಿ... ಊರಿನವರ ಹೊಟ್ಟೆಗೆಲ್ಲ ಜಗಳ ಕಾಯ್ದವಳು, ಹೆತ್ತ ತಾಯಿಯ ಹೊಟ್ಟೆಗೆ ಬಾಯಿ ಮುಚ್ಚಿಕೊಂಡೆಯಲ್ಲ!

ಸಂಜೆ ಅವಳು ಮೇಲೆ ಹೋದಾಗ, ಪೈಪ್ ನುಂಗಿದ ಅಮ್ಮನ ಗಂಟಲು ಇನ್ನೂ ಕಟ್ಟಿತ್ತು. ಹಾಸಿಗೆಯ ಪಕ್ಕ ಅವನು ನಿಂತಿದ್ದ.

"ಎಲ್ಲಾ ಆಯ್ತಾ?" ಎಂದಳು ಇವಳು.

ಅವನು ಅಮ್ಮನನ್ನು ನೋಡಿದ. ಅಮ್ಮ ಅವನನ್ನು ನೋಡಿದರು.

"ಆಯ್ತು" ಎಂದ.

ಕೆಳಭಾಗದ ಚೂರುಗಳಲ್ಲಿ ಆ ಬಾಡಿಗೆದಾರರು ಇದ್ದರು. ಸ್ವಲ್ಪವೇ. ಹೊಟ್ಟೆ ಹುಣ್ಣಿನ ಕ್ರಿಮಿಯೂ ಇತ್ತು. ಮಾತ್ರೆ ಕೊಟ್ಟರು, ಎದೆಯುರಿ ಇಳಿಯಿತು. ಎಲ್ಲರೂ ನಿಟ್ಟುಸಿರು ಬಿಟ್ಟರು. ಮೇಲ್ಭಾಗದ ಮಾತನ್ನು ಯಾರೂ ಎತ್ತಲಿಲ್ಲ.

ಹೊಸ ಬಗೆಯ ಪೈಪಿನ ತರಬೇತಿಗೆಂದು ಅವನು ಒಂದು ವರ್ಷ ಬೇರೆ ಊರಿನ ಆಸ್ಪತ್ರೆಗೆ ಹೋದ. ಬಂದ ಮೇಲೆ ಮದುವೆ ಎಂದಾಯಿತು. ಅಮ್ಮ ಶರ್ಟಿನ ಬಟ್ಟೆ ಕತ್ತರಿಸಿ, ಮೈ ಭಾಗ ಹೊಲಿದಿಟ್ಟರು. ತೋಳು ಜೋಡಿಸುವುದಷ್ಟೇ ಬಾಕಿ.

ಅವನು ವಾಪಸು ಬಂದಾಗ ಬಾಗಿಲು ತೆರೆದ ಅಮ್ಮನನ್ನು ನೋಡಿ ಅವನ ಕೈಯಲ್ಲಿದ್ದ ಚೀಲ ಜಾರಿತು. ಅಮ್ಮ ಅರ್ಧಕ್ಕರ್ಧ ಇಳಿದುಹೋಗಿದ್ದರು. ದಿನವೂ ನೋಡುವ ಮಗಳ ಕಣ್ಣಿಗೆ ಅದು ಬಿದ್ದಿರಲಿಲ್ಲ.

"ಮಗಳ ಮದುವೆ ಅಲ್ವೇನಪ್ಪಾ, ಓಡಾಟ..." ಎಂದರು ಅಮ್ಮ.

ಓಡಾಟ ಅಲ್ಲ. ಹೊಟ್ಟೆಯ ಮೇಲ್ಭಾಗದಲ್ಲಿ ಗಡ್ಡೆ. ಈ ಸಲ ಬಂದದ್ದು ಬಿಳಿ ಮುಚ್ಚಳದ ಸೀಸೆ. ಸ್ಲೈಡನ್ನು ಅವಳೇ ನೋಡಿದಳು, ಬೇಡವೆಂದು ಸಹೋದ್ಯೋಗಿಗಳು ಹೇಳಿದರೂ ಕೇಳದೆ. ನೋಡಿ ಮುಗಿದ ಮೇಲೂ ಕಣ್ಣು ತೆಗೆಯಲಿಲ್ಲ. ಆಮೇಲೆ ಎದ್ದು, ಮೆಟ್ಟಿಲು ಹತ್ತಿ, ಆ ಬಾಗಿಲನ್ನು ಮತ್ತೊಮ್ಮೆ ದಡಾರೆಂದು ತೆರೆದಳು.

"ಅವತ್ತು ಬಿಳಿ ಸೀಸೆ ಎಲ್ಲಿತ್ತು?"

ಅವನು ಎದ್ದು ನಿಂತ.

"ಕೇಳ್ತಾ ಇರೋದು ನಿಮ್ಮನ್ನೇ! ಮೇಲ್ಗಡೆ ಚೂರು ಯಾಕೆ ತೆಗೀಲಿಲ್ಲ? ಮರೆತ್ರಾ? ಅವಸರ ಇತ್ತಾ? ಊಟಕ್ಕೆ ಹೊತ್ತಾಗಿತ್ತಾ?"



"ನನ್ನದೇ ತಪ್ಪು" ಎಂದಷ್ಟೇ ಹೇಳಿದ.

"ಕ್ಷಮೆ ಕೇಳ್ಬೇಡಿ. ಹೊಟ್ಟೆಗೆ ಹಾಕ್ಕೊಳ್ಳಿ ಅನ್ಬೇಡಿ. ಇನ್ನು ಜನ್ಮದಲ್ಲಿ ನನ್ನೆದುರಿಗೆ ಬರ್ಬೇಡಿ!"

ಕಾಯಿಲೆಯ ದಿನಗಳಲ್ಲಿ ಅಮ್ಮ ಎಷ್ಟೋ ಸಲ ಅವಳ ಕೈ ಹಿಡಿದು ಶುರುಮಾಡಿದರು.

"ಅವನನ್ನ ಬೈಬೇಡ ಕಣೇ. ಅವನ ತಪ್ಪಲ್ಲ. ನಾನೇ..."

"ಅಮ್ಮಾ, ನಿನಗೆ ಯಾರದ್ದೂ ತಪ್ಪಲ್ಲ! ಪ್ರಪಂಚವೇ ನಿನ್ನ ತಲೆ ಮೇಲೆ ಕಲ್ಲು ಹಾಕಿದ್ರೂ ಹೊಟ್ಟೆಗೆ ಹಾಕ್ಕೋ ಅಂತೀಯ!"

ಅಮ್ಮ ಸುಮ್ಮನಾಗುತ್ತಿದ್ದರು. ಜೀವಮಾನವೆಲ್ಲ ಹೇಳಿದ ಮಾತೇ ಅವರಿಗೆ ಅಡ್ಡ ನಿಂತಿತ್ತು. ನಿಜ ಹೇಳಿದರೂ ಮಗಳಿಗೆ ಅದು ಹಳೆಯ ಪಲ್ಲವಿಯಂತೆಯೇ ಕೇಳುತ್ತಿತ್ತು.

ಅಮ್ಮ ಹೋದರು. ಅಂತ್ಯಕ್ರಿಯೆಯ ದಿನ ಅವನು ಗೇಟಿನ ಆಚೆ ನಿಂತಿದ್ದ. ಅವಳು ಒಳಗೆ ಕರೆಯಲಿಲ್ಲ. ತೋಳಿಲ್ಲದ ಶರ್ಟು ಹೊಲಿಗೆ ಯಂತ್ರದ ಮೇಲೆ ಹಾಗೇ ಉಳಿಯಿತು, ಅದನ್ನು ಎತ್ತಿಡಲೂ ಅವಳಿಗೆ ಮನಸ್ಸಾಗಲಿಲ್ಲ.

ಒಂದೇ ಆಸ್ಪತ್ರೆ. ಟ್ರೇಗಳು ದಿನವೂ ಬರುತ್ತಿದ್ದವು, ನೀಲಿ ಬಿಳಿ, ನೀಲಿ ಬಿಳಿ. ಒಂದೂ ತಪ್ಪುತ್ತಿರಲಿಲ್ಲ. ಅದನ್ನು ಕಂಡಷ್ಟೂ ಅವಳಿಗೆ ಉರಿಯುತ್ತಿತ್ತು. 'ಈಗ ಬುದ್ಧಿ ಬಂತು! ನನ್ನಮ್ಮನ್ನ ತಿಂದ ಮೇಲೆ!'

ಆದರೆ ಮೈಮರೆತ ಯಾವುದೋ ಗಳಿಗೆಯಲ್ಲಿ, ಕೈ ತೊಳೆಯುವಾಗಲೋ ಬಸ್ಸಿಗೆ ಕಾಯುವಾಗಲೋ, ಅವಳಿಗೆ ಆ ಫೋನ್ ನೆನಪಾಗುತ್ತಿತ್ತು. ಅದರ ಮೇಲಿಂದ ತೆಗೆದ ತನ್ನ ಕೈ ನೆನಪಾಗುತ್ತಿತ್ತು. ತಕ್ಷಣ ಅವನನ್ನು ಇನ್ನೂ ಜೋರಾಗಿ ಬೈದುಕೊಳ್ಳುತ್ತಿದ್ದಳು. ಮನಸ್ಸು ಎಂಥಾ ಕಳ್ಳ ನೋಡಿ!

ಮರುವರ್ಷ ಅವಳಿಗೂ ಎದೆಯುರಿ ಶುರುವಾಯಿತು.

"ಮಾವ ಹೋದ್ರು, ಅಮ್ಮ ಹೋದ್ರು. ನೀವು ಕಾಯ್ತಾ ಇರೋದು ಯಾತಕ್ಕೆ?" ದೊಡ್ಡ ಸಿಸ್ಟರ್ ಲ್ಯಾಬಿಗೇ ಬಂದು ಗದರಿದರು. "ಯಾವ ಡಾಕ್ಟ್ರ ಹತ್ರ ಬೇಕು ಹೇಳಿ, ಬರ್ಕೋತೀನಿ. ಮೂವರಿದ್ದಾರೆ ಈಗ."

ಅವಳು ತಲೆ ಎತ್ತದೆ ಹೇಳಿದಳು. "ಪೈಪ್ ಡಾಕ್ಟ್ರಿಗೇ ಬರೀರಿ."

"ಅಂದ್ರೆ..."

"ನೋಡೋಣ. ಮಗಳಿಗಾದ್ರೂ ಎರಡು ಸೀಸೆ ತುಂಬಿಸ್ತಾರಾ ಅಂತ."

ಸಿಸ್ಟರ್ ಮುಖ ಕಿವುಚಿದರು. ಏನೋ ಹೇಳಲು ಹೊರಟು, ನುಂಗಿಕೊಂಡು ಹೋದರು.

ಪರೀಕ್ಷೆಯ ದಿನ ಅವನು ಅವಳನ್ನು ಮಂಚದ ಮೇಲೆ ಕಂಡು ಬಾಗಿಲಲ್ಲೇ ನಿಂತ. ಕನ್ನಡಕದ ಹಿಂದೆ ಅವನ ಕಣ್ಣುಗಳು ಒಳಗೆ ಹೋಗಿದ್ದವು, ಕಿವಿಯ ಮೇಲೆ ನರೆ ಬಂದಿತ್ತು. 'ಇಷ್ಟು ಬೇಗ ನರೆ?' ಎಂದುಕೊಂಡವಳು ತನ್ನ ಮೇಲೆಯೇ ಸಿಟ್ಟಾದಳು.

"ಮೇಡಂ... ಬೇರೆ ಡಾಕ್ಟರ್ ಇದ್ದಾರೆ. ನಾನು ಮಾಡೋದು ಸರಿಯಲ್ಲ."

"ಯಾಕೆ? ನೀವು ಮಾಡಿದ್ರೆ ಅರ್ಧಕ್ಕೇ ನಿಲ್ಲುತ್ತಾ?"

ಅವನ ಮುಖದ ರಕ್ತ ಇಳಿದುಹೋಯಿತು. ಕೈಗವಸು ಹಾಕಿಕೊಂಡ.

ಗಂಟಲು ಮರಗಟ್ಟಿಸುವ ಕಹಿ ಔಷಧ ಸಿಂಪಡಿಸಿದರು. ಎಡಕ್ಕೆ ಹೊರಳಿ ಮಲಗಿದಳು. ಹಲ್ಲುಗಳ ನಡುವೆ ಪ್ಲಾಸ್ಟಿಕ್ ಉಂಗುರ ಕಚ್ಚಿಸಿದರು. ಆಸ್ಪತ್ರೆಯಲ್ಲೇ ದೊಡ್ಡ ಬಾಯಿ ಎಂದು ಹೆಸರಾದವಳಿಗೆ ಈಗ ಒಂದು ಅಕ್ಷರ ಆಡುವಂತಿರಲಿಲ್ಲ.

"ನುಂಗಿ ಮೇಡಂ... ಮೂಗಲ್ಲಿ ಉಸಿರಾಡಿ..."

ಪೈಪ್ ಇಳಿಯಿತು. ಅವಳು ಸಾವಿರಾರು ಚೂರು ನೋಡಿದ್ದಳು. ಒಂದು ಚೂರು ಹೀಗೆ ಬರುತ್ತದೆಂದು ತಿಳಿದಿರಲಿಲ್ಲ. ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯಿತು. ಓಕರಿಕೆ ಅಲೆ ಅಲೆಯಾಗಿ ಎದ್ದಿತು.

"ಕೆಳಗಡೆ ಚೂರು ಆಯ್ತು. ನೀಲಿ ಕೊಡಿ ಸಿಸ್ಟರ್."

ಇನ್ನು ಆಗಲ್ಲ. ಉಸಿರು ಕಟ್ಟುತ್ತಿದೆ. ಸಾಯ್ತೀನಿ! ಅವಳ ಕೈ ತಾನಾಗಿ ಎದ್ದು ಅವನ ಮಣಿಕಟ್ಟು ಹಿಡಿಯಿತು. ತೆಗೀರಿ! ತೆಗೀರಿ! ತಲೆ ಅಲ್ಲಾಡಿಸಿದಳು, ಉಗುರು ಊರಿದಳು.

ಅವನು ಕಲ್ಲಾದ.

ಆಮೇಲೆ ಅವನ ದನಿ ಬಂತು. ಒಡೆದ ದನಿ.

"ಬೇಡ ಕಣೇ... ಕೈ ಬಿಡು. ಅಮ್ಮ ಹೀಗೇ ಹಿಡ್ಕೊಂಡ್ರು... ಇದೇ ಜಾಗದಲ್ಲಿ... ಸಾಕಪ್ಪಾ ಅಂತ ಕಣ್ಣಲ್ಲೇ ಬೇಡ್ಕೊಂಡ್ರು. ನಾನು ತೆಗೆದುಬಿಟ್ಟೆ. ನಿನ್ನಮ್ಮ ಅಂತ ತೆಗೆದುಬಿಟ್ಟೆ! ನಿಂದು ತೆಗೆಯಲ್ಲ. ಹೊಡಿ, ಪರಚು, ಏನಾದ್ರೂ ಮಾಡ್ಕೋ. ಮೇಲಿನ ಚೂರು ಬರೋವರೆಗೂ ತೆಗೆಯಲ್ಲ ನಾನು!"

ಅವಳ ಕೈ ಸಡಿಲವಾಯಿತು.

ಕೇಳಬೇಕಾದ ಪ್ರಶ್ನೆಗಳೆಲ್ಲ ಗಂಟಲವರೆಗೆ ಬಂದವು. ಅಲ್ಲಿ ಪೈಪ್ ಇತ್ತು. ಅವಳು ಅವನ ಮುಖವನ್ನೇ ನೋಡುತ್ತಾ ಮೂಗಿನಲ್ಲಿ ಉಸಿರಾಡಿದಳು. ದೊಡ್ಡ ಸಿಸ್ಟರ್ ಅವಳ ತಲೆ ಸವರುತ್ತಾ ಸವರುತ್ತಾ ತಮ್ಮ ಮೂಗು ಒರೆಸಿಕೊಂಡರು.

"ಬಿಳಿ ಕೊಡಿ" ಎಂದ ಅವನು.

ಪೈಪ್ ಹೊರಬಂದದ್ದೇ ಅವನು ಕೈಗವಸು ಕಿತ್ತೆಸೆದು ಹೊರಗೆ ನಡೆದುಬಿಟ್ಟ. ಅವಳಿಗೆ ಇನ್ನೂ ಮಾತು ಹೊರಡುತ್ತಿರಲಿಲ್ಲ. ಸಿಸ್ಟರ್ ಅವಳನ್ನು ಗೋಡೆಗೆ ಒರಗಿಸಿ ಕೂರಿಸಿದರು.

"ಈಗಲಾದ್ರೂ ಕೇಳಿ. ಆ ದಿನ ನಿಮ್ಮಮ್ಮನ ತಲೆ ಹಿಡ್ಕೊಂಡಿದ್ದು ನಾನೇ. ಪೈಪ್ ತೆಗೆದ ತಕ್ಷಣ ಇವರು ಹೇಳಿದ್ರು, ಅಮ್ಮಾ ಮೇಲಿನ ಭಾಗ ಆಗಿಲ್ಲ, ಮುಂದಿನ ತಿಂಗಳು ಇನ್ನೊಂದ್ಸಲ ಬರ್ಲೇಬೇಕು ಅಂತ. ನಿಮ್ಮಮ್ಮ ಕೈ ಮುಗಿದ್ರು. ಬರ್ತೀನಪ್ಪಾ, ಮದುವೆ ಒಂದು ಮುಗೀಲಿ. ಅವಳಿಗೆ ಹೇಳ್ಬೇಡ, ಬೈತಾಳೆ, ನಾಳೆನೇ ಎಳ್ಕೊಂಡು ಬರ್ತಾಳೆ ಅಂದ್ರು. ಮಾತು ತಗೊಂಡ್ರು. ಆ ಊರಿಂದ ವಾರ ವಾರ ಫೋನ್ ಮಾಡ್ತಿದ್ರಂತೆ ಇವರು, ಅಮ್ಮಾ ಪರೀಕ್ಷೆಗೆ ಹೋದ್ರಾ, ಹೋದ್ರಾ ಅಂತ. ಅವರೋ, ಚೆನ್ನಾಗಿದ್ದೀನಪ್ಪಾ ಅಂತ."

"ನೀವ್ಯಾಕೆ... ಹೇಳ್ಲಿಲ್ಲ..." ಅವಳ ಗಂಟಲಿನಿಂದ ಗಾಳಿ ಬಂದಂತೆ ಬಂತು ಮಾತು.

"ಸತ್ತೋರ ಮೇಲೆ ಹಾಕ್ಬೇಡಿ ಸಿಸ್ಟರ್, ನನ್ನ ಮೇಲೇ ಇರ್ಲಿ ಅಂತ ಬಾಯಿ ಕಟ್ಟಿದ್ರು ನನಗೆ. ಅವರೇನು ದೇವರಲ್ಲ ಮೇಡಂ, ಆವತ್ತು ನಿಮ್ಮ ಹತ್ರ ಸುಳ್ಳು ಹೇಳಿದ್ದು ತಪ್ಪೇ. ಆದರೆ ನೀವು ಅಂದುಕೊಂಡ ತಪ್ಪಲ್ಲ ಅದು."

ಅವಳು ಅಮ್ಮನನ್ನು ನೆನೆದಳು. 'ಅವನ ತಪ್ಪಲ್ಲ. ನಾನೇ...' ಆ "ನಾನೇ" ಮುಂದೆ ಏನಿತ್ತು ಎಂದು ಒಮ್ಮೆಯೂ ಕೇಳಿರಲಿಲ್ಲ. ಅಮ್ಮನ ಮೇಲೆ ಮೊದಲ ಬಾರಿಗೆ ಕೆಟ್ಟ ಕೋಪ ಬಂತು. ಯಾಕಮ್ಮಾ? ಮಗಳ ಬೈಗುಳಕ್ಕೆ ಹೆದರಿ ಜೀವ ಬಿಟ್ಟೆಯಾ? ಅಷ್ಟು ಹೆದರಿಸಿದ್ದೆನಾ ನಿನ್ನ? ಸಿಸ್ಟರ್ ಭುಜಕ್ಕೆ ಒರಗಿ ಅವಳು ಬಿಕ್ಕಿ ಬಿಕ್ಕಿ ಅತ್ತಳು.

ತನ್ನ ಸ್ಲೈಡುಗಳನ್ನೂ ಅವಳೇ ನೋಡಿದಳು. ಮೊದಲು ನೀಲಿ. ಆಮೇಲೆ ಬಿಳಿ.

ನೋಡಿ, ಆ ಜೋಡಿ ಮೈಕ್ರೋಸ್ಕೋಪಿನ ಆಚೆ ಬದಿಯ ಖಾಲಿ ಕುರ್ಚಿಯನ್ನು ಸುಮಾರು ಹೊತ್ತು ದಿಟ್ಟಿಸಿದಳು. ಸ್ಲೈಡುಗಳನ್ನು ಕೋಟಿನ ಜೇಬಿಗೆ ಹಾಕಿಕೊಂಡು ಮೆಟ್ಟಿಲು ಹತ್ತಿದಳು. ಈ ಸಲ ಬಾಗಿಲು ತಟ್ಟಿದಳು.

ಅವನು ಒಬ್ಬನೇ ಇದ್ದ. ಅವಳನ್ನು ಕಂಡು ಎದ್ದ.

"ರಿಪೋರ್ಟ್ ಬಂತಾ ಮೇಡಂ?"

"ಎರಡೂ ಸೀಸೆಯಲ್ಲಿ ಇದೆ."

ಅವನು ಕುರ್ಚಿ ಹುಡುಕಿ ಕೂತ.

"ಕ್ಯಾನ್ಸರ್ ಅಲ್ಲ" ಎಂದಳು ಅವಳು. "ಆದರೆ ಬಾಡಿಗೆದಾರರು ಕೆಳಗೂ ಇದ್ದಾರೆ, ಮೇಲೂ ಇದ್ದಾರೆ. ಕ್ರಿಮಿನೂ ಇದೆ. ಮನೆತನದ ಕಥೆ ನಿಮಗೆ ಗೊತ್ತೇ ಇದೆ. ಮಾತ್ರೆ ತಗೋಬೇಕು, ಆಮೇಲೆ ಜೀವ ಇರೋವರೆಗೂ ಆಗಾಗ ಪೈಪ್ ನುಂಗ್ತಾ ಇರ್ಬೇಕು. ಬರೀ ನೀಲಿ ಸೀಸೆ ಕಳ್ಸಿದ್ರೂ ಸ್ವಲ್ಪ ಗೊತ್ತಾಗ್ತಿತ್ತು. ಎಷ್ಟು ದೂರ ಹಬ್ಬಿದೆ ಅಂತ ಗೊತ್ತಾಗ್ತಿರ್ಲಿಲ್ಲ."

"ಸರಿಯಾಗಿ ನೋಡಿದ್ದೀರಾ? ಇನ್ನೊಬ್ಬರಿಗೆ..."

"ನನ್ನ ಕೆಲಸ ನನಗೆ ಹೇಳ್ಕೊಡ್ಬೇಡಿ."

ಅಷ್ಟು ಹೇಳುವಷ್ಟರಲ್ಲಿ ಅವಳ ಜಗಳಗಂಟಿ ಮುಖ ಒಡೆದುಹೋಯಿತು.

"ರೀ... ನಿಮಗೆ ಒಂದು ಹೇಳ್ಬೇಕು. ಅಮ್ಮನ ಟ್ರೇ ಬಂದ ದಿನ ಬಿಳಿ ಸೀಸೆ ಇಲ್ಲ ಅಂತ ನಾನು ನೋಡಿದೆ. ಫೋನ್ ಮೇಲೆ ಕೈ ಇಟ್ಟೆ. ಆಮೇಲೆ ತೆಗೆದೆ. ನೀವು ನೋಡಿದ್ದೀರಲ್ಲ, ಸಾಕು ಅಂದ್ಕೊಂಡೆ. ಯಾರ್ಯಾರ ಸೀಸೆಗೋ ಬೀದಿ ಜಗಳ ಆಡಿದೋಳು, ನಮ್ಮಮ್ಮನ ಸೀಸೆ ಎಲ್ಲಿ ಅಂತ ಒಂದು ಮಾತು ಕೇಳ್ಲಿಲ್ಲ ಕಣ್ರೀ! ಅದನ್ನ ಮುಚ್ಚಿಡೋಕೆ ನಿಮ್ಮನ್ನ ಬೈದೆ... ಇಷ್ಟು ದಿನ ಬೈದೆ..."



"ಗೊತ್ತು" ಎಂದ ಅವನು.

"ಗೊತ್ತಾ?"

"ಆವತ್ತು ನಾನು ಫೋನ್ ಪಕ್ಕದಲ್ಲೇ ಕೂತಿದ್ದೆ. ನೀನು ಮಾಡೇ ಮಾಡ್ತೀಯ, ಬಿಳಿ ಎಲ್ಲಿ ಅಂತ ಕಿರುಚ್ತೀಯ, ಆಗ ಹೇಳ್ಬಿಡೋಣ ಅಂತ. ನೀನಾಗೇ ಕೇಳಿದ್ರೆ ಅಮ್ಮನಿಗೆ ಕೊಟ್ಟ ಮಾತು ಮುರಿದ ಹಾಗಾಗಲ್ಲ ಅಂತ. ಸಾಯಂಕಾಲದವರೆಗೂ ಕಾದೆ. ನೀನು ಮಾಡ್ಲೇ ಇಲ್ಲ."

ಅವಳು ಮೇಜಿನ ಅಂಚು ಹಿಡಿದುಕೊಂಡಳು. ಇವಳು ಕೆಳಗೆ ಫೋನ್ ನೋಡುತ್ತಾ ಕೂತಿದ್ದಾಗ ಅವನು ಮೇಲೆ ಫೋನ್ ನೋಡುತ್ತಾ ಕೂತಿದ್ದ! ಇಬ್ಬರ ನಡುವೆ ಒಂದೇ ಒಂದು ಮಹಡಿ ಇತ್ತು.

"ನಾನು ಅಷ್ಟು ಬೈದಾಗಲಾದ್ರೂ ಅನ್ಬಹುದಿತ್ತಲ್ಲ! ನೀನ್ಯಾಕೆ ಕೇಳ್ಲಿಲ್ಲ ಅಂತ ಒಂದು ಮಾತು..."

"ಅಂದಿದ್ರೆ ನಿನಗೆ ಉಳಿಯೋದು ಏನು? ನನ್ನ ಬೈಯೋದಾದ್ರೂ ಇತ್ತು."

ಅವಳು ಮುಖ ಮುಚ್ಚಿಕೊಂಡಳು. ಅವನು ಎದ್ದು ಬಂದು ಪಕ್ಕದಲ್ಲಿ ನಿಂತ. ಮುಟ್ಟಬಹುದೋ ಬಾರದೋ ತಿಳಿಯದೆ ಕೈ ಅರ್ಧಕ್ಕೇ ನಿಲ್ಲಿಸಿದ್ದ.

"ಆ ಸೀಸೆ ಬಂದಿದ್ರೆ ಅಮ್ಮ ಉಳೀತಿದ್ರಾ?"

"ಗೊತ್ತಿಲ್ಲ" ಎಂದ ಅವನು. "ನಿಜವಾಗ್ಲೂ ಗೊತ್ತಿಲ್ಲ. ದಿನಾ ಕೇಳ್ಕೋತೀನಿ."

"ನಾನೂ ಕೇಳ್ಕೋತೀನಿ."

ಬಾಗಿಲಾಚೆ ಯಾರೋ ಗಾಲಿಕುರ್ಚಿ ತಳ್ಳಿಕೊಂಡು ಹೋದ ಸದ್ದು ದೂರವಾಯಿತು. ಅವಳು ಕೋಟಿನ ತೋಳಿನಲ್ಲೇ ಕಣ್ಣು ಒರೆಸಿಕೊಂಡಳು.

"ನಿಮ್ಮ ಶರ್ಟು ಹಾಗೇ ಇದೆ. ತೋಳು ಮಾತ್ರ ಜೋಡಿಸಿಲ್ಲ. ನನಗೆ ಹೊಲಿಗೆ ಬರಲ್ಲ."

"ತೋಳಿಲ್ಲದೆ ಹಾಕ್ಕೋತೀನಿ ಬಿಡು."

ಅಳುವಿನ ನಡುವೆ ಅವಳಿಗೆ ನಗು ಬಂದುಬಿಟ್ಟಿತು. ಅಮ್ಮ ಹೋದಮೇಲೆ ಅದೇ ಮೊದಲು. ಬಂದದ್ದಕ್ಕೆ ನಾಚಿಕೆಯೂ ಆಯಿತು. ಅವಳೇ ಅವನ ನಿಂತ ಕೈಯನ್ನು ಹಿಡಿದು ಹತ್ತಿರಕ್ಕೆ ಎಳೆದುಕೊಂಡಳು. ಮಣಿಕಟ್ಟಿನ ಮೇಲೆ ಅವಳ ಉಗುರಿನ ಗುರುತು ಇನ್ನೂ ಕೆಂಪಗಿತ್ತು.

"ನೋವಾಯ್ತಾ?"

"ಹ್ಞೂಂ."

"ಮುಂದಿನ ಸಲನೂ ಪರಚ್ತೀನಿ. ಆದರೂ ತೆಗೀಬೇಡಿ."

"ತೆಗೆಯಲ್ಲ."

"ನಾನೂ ಸೀಸೆ ಲೆಕ್ಕ ಕೇಳ್ತೀನಿ. ಮನೆಯವರು ಅಂತ ಬಿಡಲ್ಲ."

ಮನೆಯವರು! ಅವನು ತಟ್ಟನೆ ಅವಳ ಮುಖ ನೋಡಿದ. ಅವಳು ಕಣ್ಣು ತಗ್ಗಿಸಲಿಲ್ಲ.

"ನಿನ್ನ ಹತ್ರ ಸುಳ್ಳು ಹೇಳಿದೆ" ಎಂದ ಅವನು. ದನಿ ಪಾತಾಳಕ್ಕೆ ಇಳಿದಿತ್ತು. "ಆಯ್ತು ಅಂದ್ಬಿಟ್ಟೆ. ಅದನ್ನ... ಹೊಟ್ಟೆಗೆ ಹಾಕ್ಕೋತೀಯಾ?"

ಆ ಮಾತು! ಅಮ್ಮನ ಮಾತು. ಅವಳು ಒಂದು ಉಸಿರು ಎಳೆದುಕೊಂಡಳು.

"ಹೊಟ್ಟೆಯಲ್ಲಿ ಜಾಗ ಇದೆಯೋ ಇಲ್ವೋ ನನ್ನನ್ನೇನು ಕೇಳ್ತೀರಿ? ನೀವೇ ಒಳಗೆ ಹೋಗಿ ನೋಡ್ಕೊಂಡು ಬಂದ್ರಲ್ಲ... ಇತ್ತಾ?"

ಅವನ ಹಣೆ ಅವಳ ಭುಜಕ್ಕೆ ಒರಗಿತು. ಅವನು ಅಳುತ್ತಿದ್ದ.

"ಇತ್ತು ಕಣೇ" ಎಂದ. "ಮೇಲ್ಗಡೆ. ಸ್ವಲ್ಪ."